ಮೂರನೇ ಸಾಲಿಗೆ ಇಳಿದ ‘ಆಫ್’

1988ರ ಒಂದು ಬುಧವಾರ ಬೆಳಿಗ್ಗೆ 7 ಗಂಟೆ 40 ನಿಮಿಷಕ್ಕೆ ಹೊಸ ಪ್ರಿಂಟರಿನಿಂದ ಬಂದ ಹಾಳೆಯಲ್ಲಿ ಊರುಗಳ ಕನ್ನಡ ಹೆಸರೆಲ್ಲ ಇಂಗ್ಲಿಷ್ ಅಕ್ಷರಗಳ ಕಸವಾಗಿತ್ತು. ಬಿ.ಎಸ್ಸಿ. ಮುಗಿಸಿದ ನಾನು ಆಗ ತರೀಕೆರೆಯಲ್ಲಿ ಖಾಸಗಿ ವಿದ್ಯುತ್ ಗುತ್ತಿಗೆದಾರರೊಬ್ಬರ ಕಚೇರಿಯ ಕಂಪ್ಯೂಟರ್ ಆಪರೇಟರ್. ಆ ದಿನ ಯಾವ ಲೈನ್ ಆಫ್, ಯಾವುದು ಆನ್ ಎಂದು ಕೆಲಸಗಾರರಿಗೆ ತಿಳಿಸುವ ಹಾಳೆ ಅದು. ಪ್ರೋಗ್ರಾಮ್ ಬರೆದವಳು ನಾನೇ.

ಹಾಳೆ ಒಯ್ಯಲು ಬಂದಿದ್ದ ಅಜ್ಜಂಪುರದ ಲೈನ್‌ಮನ್ ರಂಗಪ್ಪ ನಕ್ಕರು. “ಏನಕ್ಕಾ, ನಿಮ್ ಮಿಷನ್ನಿಗೆ ಜ್ವರ ಬಂದೈತಾ? ಬಿಡಿ, ಮೂರನೇ ಸಾಲು ನಮ್ದು.”

ಲೈನ್‌ಮನ್‌ಗಳೆಲ್ಲ ಹೆಸರು ಓದುತ್ತಿರಲಿಲ್ಲ, ಸಾಲು ಎಣಿಸುತ್ತಿದ್ದರು. ಸಿಂಗಟಗೆರೆ, ಹಿರೇನಲ್ಲೂರು, ಅಜ್ಜಂಪುರ. ಈ ಕ್ರಮ ಎಂದೂ ಬದಲಾಗಿರಲಿಲ್ಲ.

ನಾನು ಹಾಳೆ ತಡೆದೆ. ಮ್ಯಾನೇಜರ್ ಗದರಿದರು. “ಆಫು, ಆನು ನೆಟ್ಟಗೈತಲ್ಲಮ್ಮ. ಕಳ್ಸು.” ಕಳಿಸಿದೆ.

ಆಮೇಲೆ ಎಡಿಟರ್ ತೆರೆದು ಪ್ರೋಗ್ರಾಮನ್ನು ಸಾಲು ಸಾಲಾಗಿ ನೋಡಿದೆ. ತೆರೆಯ ಮೇಲೆ ಕನ್ನಡ ಸರಿಯಾಗಿಯೇ ಇತ್ತು. ಕಂಪ್ಯೂಟರಿಗೆ ಪ್ರತಿ ಅಕ್ಷರವೂ ಒಂದು ಸಂಖ್ಯೆ. ಫ್ರೆಂಚಿನಂಥ ಭಾಷೆಗಳ ಗೀಟು ಹೊತ್ತ ಅಕ್ಷರಗಳಿಗೆಂದು ಇಟ್ಟಿದ್ದ 128ರ ಮೇಲಿನ ಸಂಖ್ಯೆಗಳಲ್ಲಿ ನಮ್ಮ ಕನ್ನಡವನ್ನು ಕೂರಿಸಿದ್ದರು. ಹೊಸ ಪ್ರಿಂಟರಿನೊಳಗಿನ ಪುಟ್ಟ ಸ್ವಿಚ್ಚು ಏಳು ಬಿಟ್‌ಗೆ ನಿಂತಿತ್ತು. ಅಂದರೆ ಅದು ಅಂಥ ಪ್ರತಿ ಸಂಖ್ಯೆಯಲ್ಲೂ 128 ಕಳೆದು ಅಚ್ಚು ಹಾಕುತ್ತಿತ್ತು. ಇಂಗ್ಲಿಷಿನಲ್ಲಿದ್ದ ‘ಆಫ್’, ‘ಆನ್’ಗಳ ಸಂಖ್ಯೆ 128ಕ್ಕಿಂತ ಚಿಕ್ಕದು, ಅವು ಹಾಗೇ ಉಳಿದಿದ್ದವು.

ಹಿರೇನಲ್ಲೂರಿನ ಹೆಸರಿನಲ್ಲಿ ಒಂದು ಅಕ್ಷರದ ಸಂಖ್ಯೆ 138. ಕಳೆದರೆ 10. ಪ್ರಿಂಟರಿಗೆ 10 ಎಂದರೆ ಅಕ್ಷರವಲ್ಲ, ‘ಕಾಗದವನ್ನು ಒಂದು ಸಾಲು ಮೇಲೆ ಸರಿಸು’ ಎಂಬ ಆಜ್ಞೆ. ಹಿರೇನಲ್ಲೂರಿನ ‘ಆಫ್’ ಮೂರನೇ ಸಾಲಿಗೆ ಇಳಿದಿತ್ತು. ಅಜ್ಜಂಪುರದ ‘ಆನ್’ ನಾಲ್ಕಕ್ಕೆ ಹೋಗಿತ್ತು.

ಗಂಟೆ 10:20. ಅಜ್ಜಂಪುರಕ್ಕೆ ಟ್ರಂಕ್ ಕಾಲ್ ಸಿಗಲು ಹದಿನೈದು ನಿಮಿಷ ಹಿಡಿಯಿತು. ಫೋನ್ ಎತ್ತಿದ್ದು ಅಲ್ಲಿನ ಮೇಸ್ತ್ರಿ.

“ಲೈನ್ ಆನ್ ಇದೆ, ರಂಗಪ್ಪನವರನ್ನ ಇಳಿಸಿ.”

“ಅವ್ರು ಆಗ್ಲೇ ಕಂಬ ಹತ್ತವ್ರೆ ಕಣ್ರೀ.”

ರಿಸೀವರ್ ಮೇಜಿಗೆ ಬಿದ್ದ ಸದ್ದು. ಓಡುವ ಚಪ್ಪಲಿ. ಆಮೇಲೆ ಒಂದು ಸಿಡಿತ, ಹೆಂಗಸೊಬ್ಬಳ ಕೂಗು. ಅದನ್ನು ನಾನು ಇವತ್ತಿಗೂ ಕೇಳುತ್ತೇನೆ.

ರಂಗಪ್ಪ ಬದುಕಿದರು. ಬಲಗೈ ಉಳಿಯಲಿಲ್ಲ. ಹತ್ತುವ ಮುಂಚೆ ತಂತಿಯನ್ನು ನೆಲಕ್ಕೆ ಜೋಡಿಸುವ ಅರ್ತಿಂಗ್ ಸಲಾಕೆ ಹಾಕಿ ಕರೆಂಟು ಸತ್ತಿದೆಯೇ ಎಂದು ನೋಡಬೇಕೆಂಬ ನಿಯಮವಿತ್ತು. ಮೂರು ತಂಡಕ್ಕೆ ಇದ್ದದ್ದು ಒಂದೇ ಸಲಾಕೆ, ಅದೂ ಅಂದು ಕಡೂರಿನಲ್ಲಿತ್ತು. ಆದರೂ ಕಚೇರಿ ಬರೆದದ್ದು ‘ಲೈನ್‌ಮನ್ ನಿರ್ಲಕ್ಷ್ಯ’ ಎಂದು. ಆ ಮಾತೇ ಉಳಿದರೆ ರಂಗಪ್ಪನವರಿಗೆ ಕೆಲಸವೂ ಇಲ್ಲ, ಪರಿಹಾರವೂ ಇಲ್ಲ. ಸಾಕ್ಷಿಯಾಗಿ ನಾನು ಸಹಿ ಹಾಕಬೇಕಿತ್ತು.

ಹಾಕಲಿಲ್ಲ. ಪ್ರಿಂಟರಿನ ಆ ಸ್ವಿಚ್ಚನ್ನು ಎರಡೂ ಕಡೆ ಇಟ್ಟು ಒಂದೇ ಫೈಲಿನ ಎರಡು ಹಾಳೆ ತೆಗೆದು ವಿಚಾರಣಾಧಿಕಾರಿಯ ಮುಂದಿಟ್ಟೆ. ಮರುದಿನವೇ ನನ್ನನ್ನು ಕೆಲಸದಿಂದ ತೆಗೆದರು. ಮ್ಯಾನೇಜರ್ ಅದೇ ಕುರ್ಚಿಯಲ್ಲೇ ನಿವೃತ್ತರಾದರು.

ಅರ್ಥವಾಗದ ಹಾಳೆಯನ್ನು ಕೈಯಿಂದ ಬಿಡಬಾರದು, ಯಾರು ಗದರಿದರೂ. ಆ ಕೆಲಸ ಕಲಿಸಿದ್ದು ಇಷ್ಟೇ, ಕಲಿಸಿದ್ದೂ ಇನ್ನೊಬ್ಬರ ಕೈ ತೆಗೆದುಕೊಂಡು.

ಐದು ತಿಂಗಳ ಮೇಲೆ ರಂಗಪ್ಪ ಮನೆಗೆ ಬಂದರು. “ತಪ್ಪು ನಂದಲ್ಲ ಅಂತ ಬರ್ದವ್ರೆ ಅಕ್ಕಾ. ಸ್ಟೋರಲ್ಲಿ ಕೂರಾಕೆ ಕೆಲ್ಸ ಕೊಟ್ಟವ್ರೆ,” ಎಂದು ಎಡಗೈಯಲ್ಲಿ ಕಾಫಿ ಲೋಟ ಹಿಡಿದರು. ಅದು ಶನಿವಾರ. ಆ ಬುಧವಾರದ ನಂತರ ಮೊದಲ ಸಲ, ಅಂದು ಮಲಗಿದವಳಿಗೆ ಬೆಳಗಿನವರೆಗೆ ಎಚ್ಚರವಾಗಲಿಲ್ಲ.