ಎರಡು ಸಾವಿರದ ಐನೂರ ಇಪ್ಪತ್ತೊಂದು ಜನ

ಬಣ್ಣದ ಕಾರ್ಖಾನೆಯ ಗೇಟಿನಲ್ಲಿ ದಿನಾ ಬೆಳಿಗ್ಗೆ ತಲೆ ಎಣಿಸುವವನಿಗೆ ಲೆಕ್ಕಣ್ಣ ಅಂತಲೇ ಹೆಸರು. ಯಾವ ಸಂಖ್ಯೆ ಕಂಡರೂ ಭಾಗಿಸಿ ನೋಡದಿದ್ದರೆ ಪುಣ್ಯಾತ್ಮನಿಗೆ ತಿಂದದ್ದು ಅರಗದು. ಮನೆಯಲ್ಲಿ ಇದ್ದವಳು ತಂಗಿಯೊಬ್ಬಳೇ. ಚಿಕ್ಕಂದಿನಲ್ಲಿ ಬಿದ್ದು ಕಾಲು ಕುಂಟಾಗಿತ್ತು; ಅದೇ ಕಾರ್ಖಾನೆಯಲ್ಲಿ ಬಣ್ಣದಲ್ಲಿ ಅದ್ದಿದ ನೂಲು ಒಣಗಿಸುತ್ತಿದ್ದಳು. "ಬಟ್ಟಲಲ್ಲಿರೋ ಕಾಳನ್ನೂ ಎಣಿಸ್ತೀಯಲ್ಲೋ ಅಣ್ಣ, ನಿನ್ನ ಕಟ್ಕೊಳ್ಳೋಳು ಪುಣ್ಯವಂತೆ ಬಿಡು!" ಅಂತ ರೇಗಿಸುತ್ತಿದ್ದಳು.

ಆಮೇಲೆ ಹೊಸ ಮ್ಯಾನೇಜರ್ ವಕ್ಕರಿಸಿದ. ಆಸಾಮಿಗೆ ಎಲ್ಲವೂ ಸಮಸಮ ಇರಬೇಕು. ಪ್ರತಿ ಸೋಮವಾರ ಜನರನ್ನು ಸಮನಾದ ತಂಡಗಳಾಗಿ ನಿಲ್ಲಿಸಬೇಕು. ಸಾಲಿನ ಕೊನೆಯಲ್ಲಿ ಮಿಕ್ಕವರು ನೆಲದಡಿಯ ತೊಟ್ಟಿಗಿಳಿದು ಬಣ್ಣದ ರಾಡಿ ಬಳಿದು ತೆಗೆಯಬೇಕು. ಆ ತೊಟ್ಟಿಯ ಗಾಳಿ ಕುಡಿದವರು ಮತ್ತೆ ಕೆಲಸಕ್ಕೆ ಬಂದದ್ದಿಲ್ಲ. ಅವರ ಜಾಗಕ್ಕೆ ಮರುದಿನವೇ ಗೇಟಿನಾಚೆ ಕಾದಿದ್ದವರಲ್ಲೊಬ್ಬ ಒಳಗೆ ಬರುತ್ತಿದ್ದ. ಹಾಗಾಗಿ ಜನರ ಲೆಕ್ಕ ಎರಡು ಸಾವಿರದ ಐನೂರ ಇಪ್ಪತ್ತೊಂದಕ್ಕೇ ಬಂದು ನಿಲ್ಲುತ್ತಿತ್ತು.

ಮೊದಲ ವಾರ ನಾಲ್ಕು ನಾಲ್ಕು ಜನರ ತಂಡ. ಒಬ್ಬ ಮಿಕ್ಕ. "ಐದೈದು ಮಾಡೋಣ ಸಾರ್" ಅಂದ ಲೆಕ್ಕಣ್ಣ. ಆಗಲೂ ಒಬ್ಬ. ಆರರಲ್ಲಿ ಒಬ್ಬ, ಏಳರಲ್ಲಿ ಒಬ್ಬ. ಆ ಏಳೇಳರ ಸಾಲಿನಲ್ಲಿ ಮಿಕ್ಕವನನ್ನು ಹಗ್ಗ ಕಟ್ಟಿ ಮೇಲಕ್ಕೆಳೆದರು; ಉಸಿರಿರಲಿಲ್ಲ. ಅಂದಿನಿಂದ ಜನ ಒಬ್ಬರನ್ನೊಬ್ಬರು ತಳ್ಳಿಕೊಂಡು ಮುಂದೆ ನಿಲ್ಲತೊಡಗಿದರು. ಮುಂದಿನ ಸಲ ಕೊನೆಗುಳಿಯುವುದು ಕುಂಟಿಯೇ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಆದರೂ ತಳ್ಳಾಟ ಬಿಡಲಿಲ್ಲ, ಕಲ್ಲೆದೆಯವರು.

ಭಾನುವಾರ ಲೆಕ್ಕಣ್ಣ ಸೀಮೆಸುಣ್ಣ ಹಿಡಿದು ನೆಲದ ಮೇಲೆ ಕೂತ. ಎರಡರಿಂದ ಹತ್ತರವರೆಗೆ ಯಾವುದರಿಂದ ಭಾಗಿಸಿದರೂ ಒಂದೇ ಶೇಷ. ಹನ್ನೊಂದು, ಹದಿಮೂರು, ಹದಿನೇಳು, ಊಹೂಂ, ಯಾವುದಕ್ಕೂ ಬಗ್ಗದ ಸಂಖ್ಯೆ. ಒಂದರಿಂದ ಮತ್ತು ತನ್ನಿಂದ ಮಾತ್ರ ಭಾಗವಾಗುವ ಜಾತಿಯದು, ಹಾಳಾದ್ದು! ಅದರಲ್ಲಿ ಒಂದು ತೆಗೆದರೆ? ಒಂದರಿಂದ ಹತ್ತರವರೆಗೆ ಎಲ್ಲದರಿಂದಲೂ ಚೊಕ್ಕವಾಗಿ ಭಾಗವಾಗುತ್ತಿತ್ತು. ಸೀಮೆಸುಣ್ಣ ಕೆಳಗಿಟ್ಟು ತಂಗಿಯನ್ನು ಕರೆದ.

"ನಾಳೆ ನೀನು ಬರಬೇಡ ಕಣೇ."

"ರಜ ಹಾಕಿದ್ರೆ ಕೆಲಸ ಹೋಗುತ್ತಲ್ಲೋ!"

"ಹೋದ್ರೆ ಹೋಗ್ಲಿ. ಯಾರೂ ತೊಟ್ಟಿಗಿಳಿಯೋ ಹಾಗಿಲ್ಲ, ಲೆಕ್ಕ ಹಾಕಿದ್ದೀನಿ."

ಸೋಮವಾರ ಎಂಟೆಂಟು ಜನರ ತಂಡ. ಲೆಕ್ಕಣ್ಣ ಒಂದು ತುದಿಯಿಂದ ಎಣಿಸುತ್ತಾ ಹೋದ. ಕೊನೆಯ ತಂಡದಲ್ಲೂ ಸರಿಯಾಗಿ ಎಂಟು. ಸಾಲಿನಲ್ಲಿ ಯಾರೋ ಅತ್ತೇಬಿಟ್ಟರು. ಲೆಕ್ಕಣ್ಣನಿಗೂ ಕುಣಿಯುವಷ್ಟು ಖುಷಿಯಾಯಿತು.

"ಭೇಷ್!" ಅಂದ ಮ್ಯಾನೇಜರ್. "ಹಾಗಾದ್ರೆ ತೊಟ್ಟಿಗೆ ಯಾರು?"

"ಯಾರೂ ಮಿಕ್ಕಿಲ್ಲ ಸಾರ್. ಇವತ್ತು ಪೂರ್ತಿ ಭಾಗ."

ಮ್ಯಾನೇಜರ್ ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿ, ಕೊನೆಗೆ ಇವನ ಮೇಲೆ ನಿಲ್ಲಿಸಿದ. "ಸಾಲಿನ ಹೊರಗೆ ಒಬ್ಬರು ನಿಂತಿದ್ದಾರಲ್ರೀ."

ಲೆಕ್ಕಣ್ಣ ಹಿಂದಿರುಗಿ ನೋಡಿದ. ಯಾರೂ ಇರಲಿಲ್ಲ. ಇಷ್ಟು ವರ್ಷ ಊರವರ ತಲೆಯೆಲ್ಲ ಎಣಿಸಿದವನು ತನ್ನ ತಲೆಯನ್ನು ಒಂದು ದಿನವೂ ಎಣಿಸಿರಲಿಲ್ಲ. ಸಾಲಿನವರೆಲ್ಲ ನೆಲ ನೋಡುತ್ತಿದ್ದರು.

ಅಂಗಿ ಬಿಚ್ಚಿಟ್ಟ. ಎಂಥಾ ಪೆದ್ದ ನಾನು ಅಂದುಕೊಂಡ. ತಂಗಿ ಮನೆಯಲ್ಲಿದ್ದಾಳೆ, ಅಷ್ಟು ಸಾಕು ಅಂತ ತನಗೆ ತಾನೇ ಹೇಳಿಕೊಂಡು, ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ.