ಮಗಳನ್ನು ನಡೆಸಿದ ಸೆಲೆಖಾ

ಮರಳುಗಾಡಿನ ಕಿಫಾ ಊರಿನ ಪಡುವಣ ಕೇರಿಯಲ್ಲಿ ಸೆಲೆಖಾಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಮೈ ತುಂಬಿಸುವವಳು ಎಂದರೆ ಸಾಕು, ನೀರು ಮಾರುವ ಕತ್ತೆಗಾಡಿಯವನೂ ಮನೆ ತೋರಿಸುತ್ತಿದ್ದ. ಮಳೆ ಬಿದ್ದು ಹಾಲು ಉಕ್ಕುವ ತಿಂಗಳುಗಳಲ್ಲಿ ಏಳೆಂಟು ವರ್ಷದ ಹೆಣ್ಣುಮಕ್ಕಳನ್ನು ಅವಳು ಊರಾಚೆ ಹಾಕುತ್ತಿದ್ದ ಡೇರೆಗೆ ತಂದು ಬಿಡುತ್ತಿದ್ದರು. ಮೂರು ತಿಂಗಳಾದ ಮೇಲೆ ಕರೆದೊಯ್ಯಲು ಬಂದ ತಾಯಂದಿರಿಗೇ ಗುರುತು ಹತ್ತುತ್ತಿರಲಿಲ್ಲ. ಹೆಣ್ಣು ದಪ್ಪಗಿದ್ದರೆ ಮನೆತನಕ್ಕೆ ಮರ್ಯಾದೆ, ಸಣಕಲಾಗಿದ್ದರೆ ಅಪ್ಪನಿಗೆ ಗತಿಯಿಲ್ಲವೆಂದು ಊರಿಗೆ ಸಾರಿದಂತೆ. ಇದನ್ನು ನಮ್ಮಲ್ಲಿ ಯಾರೂ ಪ್ರಶ್ನಿಸಿದವರಲ್ಲ. ಆ ಮದುವೆಗಳಲ್ಲಿ ಮೂರು ಸುತ್ತು ಚಹಾ ಕುಡಿದು, ಮದುಮಗಳ ತೋಳು ನೋಡಿ ತಲೆದೂಗಿದವರೇ ಎಲ್ಲರೂ.

ಅವಳ ಕಸುಬಿಗೆ ಹೆಚ್ಚು ಸಾಮಾನು ಬೇಕಿರಲಿಲ್ಲ. ಒಂದು ದೊಡ್ಡ ಮರದ ಬೋಗುಣಿ, ಎರಡು ಗಟ್ಟಿ ಕಡ್ಡಿ. ಬೋಗುಣಿಯ ಹಾಲು ಖಾಲಿಯಾಗಬೇಕು. ಆಗಲಿಲ್ಲವೋ, ಹುಡುಗಿಯ ಕಾಲ್ಬೆರಳನ್ನು ಕಡ್ಡಿಗಳ ನಡುವೆ ಸಿಕ್ಕಿಸಿ ಅದುಮುತ್ತಿದ್ದಳು. ವಾಂತಿ ಮಾಡಿಕೊಂಡರೆ ಅದನ್ನೂ ಕುಡಿಸುತ್ತಿದ್ದಳು. ಓಡಿದವಳಿಗಂತೂ ಎರಡು ಪಟ್ಟು ಶಿಕ್ಷೆ, ಕುಡಿದದ್ದೆಲ್ಲ ಓಟದಲ್ಲಿ ಕರಗಿಹೋಗುತ್ತದಲ್ಲ! ಹೊಟ್ಟೆ ನೋವು, ತಲೆ ಸುತ್ತು, ಉಸಿರು ಕಟ್ಟುತ್ತದೆ ಎಂದು ಮಕ್ಕಳು ಗೋಳಾಡುತ್ತಿದ್ದವು. ಮೂವತ್ತು ವರ್ಷ ಇದನ್ನೇ ಕೇಳಿ ಅವಳ ಕಿವಿ ಜಡ್ಡುಗಟ್ಟಿತ್ತು. ಎಲ್ಲಕ್ಕೂ ಅವಳದು ಒಂದೇ ಉತ್ತರ: "ನೆಪ."

ಅವಳು ಮಾತ್ರ ಒಣಗಿದ ಆಳು. ಚಿಕ್ಕಂದಿನಲ್ಲಿ ಅವಳ ಮನೆಯಲ್ಲಿ ಕುಡಿಸಲು ಹಾಲೇ ಇರಲಿಲ್ಲ. ಗಂಡ ದೆದ್ದಾಹ್ ಎರಡು ವರ್ಷ ಬಾಳಿಸಿ, "ಹಾಸಿಗೇಲಿ ಎಲುಬು ಚುಚ್ಚುತ್ತೆ" ಎಂದು ನಾಲ್ಕು ಜನರೆದುರು ಹೇಳಿ ಬಿಟ್ಟುಬಿಟ್ಟ. ಅವನು ಬಿಟ್ಟ ಹೆಂಗಸು ಕೂತು ಅಳಲಿಲ್ಲ, ನಡೆದಳು. ಒಂದು ಬಿಡಾರದಿಂದ ಇನ್ನೊಂದಕ್ಕೆ ಅರ್ಧ ದಿನದ ದಾರಿ ಅವಳಿಗೆ ಲೆಕ್ಕಕ್ಕೇ ಇರಲಿಲ್ಲ. ಬೆಳಗಿನ ತಂಪಿನಲ್ಲಿ ಮರಳಿನ ಮೇಲೆ ಹೆಜ್ಜೆ ಹಾಕುವಾಗ ಮನಸ್ಸಿನ ಕಹಿಯೆಲ್ಲ ಇಳಿದು, ತಾನಾಗಿ ಗುನುಗು ಬರುತ್ತಿತ್ತು. ತನ್ನ ಸುಖ ಇರುವುದು ಕಾಲಿನಲ್ಲಿ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅದನ್ನು ಬಡವರ ಚಟವೆಂದು ನಾಚಿಕೊಂಡು ಯಾರಿಗೂ ಹೇಳಲಿಲ್ಲ. ತನಗೆ ಗೊತ್ತಿದ್ದ ಒಂದೇ ಒಂದು ಸುಖವನ್ನು ಊರ ಹೆಣ್ಣುಮಕ್ಕಳಿಂದ ಕಿತ್ತುಕೊಳ್ಳುವುದೇ ಅವಳ ಹೊಟ್ಟೆಪಾಡಾಯಿತು. ಇದಕ್ಕೆ ಅವಳನ್ನು ಕ್ಷಮಿಸಲು ನನಗಂತೂ ಮನಸ್ಸಿಲ್ಲ.

ಅವಳ ಕಸುಬಿನ ಹೆಮ್ಮೆಯೆಂದರೆ ಸ್ವಂತ ಮಗಳು ಮಹಜೂಬಾ. ಆರು ವರ್ಷದವಳಿದ್ದಾಗ ಮೇಕೆಗಳ ಹಿಂದೆ ಓಡುತ್ತಿದ್ದ ಹುಡುಗಿಯನ್ನು ಹಿಡಿದು ಕೂರಿಸಿ, ಹನ್ನೆರಡಕ್ಕೆಲ್ಲ ಎದ್ದು ನಿಲ್ಲಲು ಇಬ್ಬರು ಬೇಕಾಗುವಂತೆ ಮಾಡಿದಳು. ಬಟ್ಟೆ ವ್ಯಾಪಾರಿಯೊಬ್ಬ ಮುಗಿಬಿದ್ದು ಮದುವೆಯಾದ. ಹದಿನೈದು ವರ್ಷದ ಮೇಲೆ ರಾಜಧಾನಿಯಲ್ಲಿ ತೆಳ್ಳಗಿನವಳೊಬ್ಬಳನ್ನು ಕಟ್ಟಿಕೊಂಡು ಇವಳನ್ನು ತಾಯಿಯ ಮನೆಗೆ ಕಳಿಸಿದ. ಈಗಿನ ಗಂಡಸರಿಗೆ ಅಂಥವರೇ ಬೇಕಂತೆ. ಅವರ ರುಚಿ ಬದಲಾಯಿತು, ಹೆಂಗಸರ ಮೈ ಎಲ್ಲಿ ಹೋಗಬೇಕು?

ಮೂವತ್ತಮೂರಕ್ಕೆ ಮಹಜೂಬಾಳಿಗೆ ಮಂಡಿ ಹೋಗಿತ್ತು, ಸಕ್ಕರೆ ಕಾಯಿಲೆ ಹಳೆಯದಾಗಿತ್ತು. ಡಾಕ್ಟರ್ ದೆಂಬಾ ತಾಯಿಯನ್ನು ಎದುರು ಕೂರಿಸಿಕೊಂಡು ಹೇಳಿದರು.

"ನೋಡಿಮ್ಮಾ, ಮಾತ್ರೆ ಕೊಡ್ತೀನಿ, ಅದರ ಜೊತೆ ದಿನಾ ನಡೀಬೇಕು. ಮಲಗೇ ಇದ್ರೆ ಐದು ವರ್ಷ ಉಳಿಯೋದೂ ಕಷ್ಟ. ಕಾಲು ಮಾತ್ರ ಜೋಪಾನ, ಈ ಕಾಯಿಲೇಲಿ ಕಾಲು ಮರಗಟ್ಟುತ್ತೆ, ಒಂದು ಸಣ್ಣ ಗಾಯಾನೂ ಆಗ್ಬಾರ್ದು."

ಐದು ವರ್ಷ ಎಂಬುದೊಂದೇ ಸೆಲೆಖಾಳ ಕಿವಿಯಲ್ಲಿ ಉಳಿಯಿತು. ಕೊನೆಯ ಮಾತು ಅವಳ ತಲೆಗೆ ಹೋಗಲೇ ಇಲ್ಲ. ಮರುದಿನ ಇಳಿಹೊತ್ತಿನ ಅಸರ್ ನಮಾಜು ಮುಗಿಸಿದವಳೇ ಮಗಳ ಹಾಸಿಗೆಯ ಮುಂದೆ ನಿಂತಳು.

"ಏಳೇ."

"ಎಲ್ಲಿಗೆ?"

"ಬಾಗಿಲಿಗೆ."

"ಯಾರು ಬಂದಿದಾರೆ?"

"ಯಾರೂ ಬಂದಿಲ್ಲ. ನೀನೇ ಹೋಗ್ಬೇಕು."

"ಯಾರೂ ಬರದೆ ಬಾಗಿಲಿಗೆ ಹೋಗೋಕೆ ನಂಗೇನು ಹುಚ್ಚಾ? ಏಳ್ಬೇಡ ಅಂತ ಹೊಡೆದೋಳೂ ನೀನೇ, ಏಳು ಅನ್ನೋಳೂ ನೀನೇ. ಯಾವುದಾದ್ರೂ ಒಂದಕ್ಕೆ ಬಾರಮ್ಮ."

ಆದರೂ ಎದ್ದಳು. ಮೊದಲ ವಾರ ಬಾಗಿಲ ತನಕ, ಆಮೇಲೆ ಮಸೀದಿಯ ಗೋಡೆಯ ತನಕ. ಒಂದು ತಿಂಗಳಿಗೆ ಊರಾಚೆ ಹಿಂದೆ ವಿಮಾನ ಇಳಿಯುತ್ತಿದ್ದ ಹಳೆಯ ಪಟ್ಟಿಗೆ ಬಂದಳು. ಸಂಜೆ ಅಲ್ಲಿ ಹತ್ತಿಪ್ಪತ್ತು ಹೆಂಗಸರು ಮೈಗೆ ಸುತ್ತಿದ ಮಲಹಫಾದ ಅಂಚನ್ನು ಎತ್ತಿ ಸಿಕ್ಕಿಸಿ, ಕ್ಯಾನ್ವಾಸ್ ಬೂಟು ಹಾಕಿಕೊಂಡು ನಡೆಯುತ್ತಾರೆ. ಅವರ ಮುಂದಾಳು ಶಾಲೆಯ ಮೇಡಮ್ ಆಯಿಶೆತು, ಪಕ್ಕದ ಮನೆಯವಳು, ಬಾಯಿಗೆ ಬೀಗವಿಲ್ಲದವಳು.

"ದಾರಿ ಬಿಡ್ರೇ, ವಿಮಾನ ಇಳೀತಿದೆ!" ಎಂದು ಕೂಗಿದಳು.

"ಇಳೀತಿಲ್ಲ ಕಣೇ, ಹಾರೋಕೆ ಬಂದಿದೀನಿ," ಎಂದಳು ಮಹಜೂಬಾ ಏದುಸಿರಿನಲ್ಲಿ. ಎಲ್ಲರಿಗಿಂತ ಜೋರಾಗಿ ನಕ್ಕವಳೂ ಅವಳೇ.

ಮೂರನೆಯ ತಿಂಗಳಿಗೆ ಪಟ್ಟಿಯ ಈ ತುದಿಯಿಂದ ಆ ತುದಿಗೆ ನಡೆದಳು. ಮಧ್ಯಾಹ್ನದ ತನಕ ಮಲಗುವುದು ತಪ್ಪಿತು. ಮೇಕೆ ಸಾಕೋಣ ಎಂದು ಹಟ ಹಿಡಿದಳು. ಒಂದು ಸಂಜೆ ಗಾಳಿಗೆ ಮುಖವೊಡ್ಡಿ ನಿಂತು ಕೇಳಿದಳು.

"ಅಮ್ಮ, ಚಿಕ್ಕೋಳಿದ್ದಾಗ ನಾನು ಓಡ್ತಿದ್ದೆ ಅಲ್ವಾ?"

"ಓಡ್ತಿದ್ದೆ."

"ಚೆನ್ನಾಗಿ ಓಡ್ತಿದ್ನಾ?"

"ಮೇಕೆಗಳು ಸೋಲ್ತಿದ್ವು," ಎಂದಳು ಸೆಲೆಖಾ. ಅರವತ್ತೆರಡು ವರ್ಷದಲ್ಲಿ ಮೊದಲ ಸಲ ಅವಳು ತನ್ನ ಸುಖವನ್ನು ಇನ್ನೊಬ್ಬರ ಜೊತೆ ಹಂಚಿಕೊಂಡು ನಡೆಯುತ್ತಿದ್ದಳು. ಅದೂ ತನ್ನ ಮಗಳ ಜೊತೆ! ಇದು ಕೈ ತಪ್ಪಿದರೆ ತಾನು ಬದುಕುವುದಿಲ್ಲ ಅನ್ನಿಸಿತು.

ಬಿಸಿಗಾಳಿಯ ತಿಂಗಳು ಬಂತು. ಒಂದು ಸಂಜೆ ಮಹಜೂಬಾ ಹಾಸಿಗೆ ಬಿಟ್ಟು ಏಳಲಿಲ್ಲ.

"ಇವತ್ತು ಬೇಡಮ್ಮ. ಕಾಲು ನಂದಲ್ವೇನೋ ಅನ್ನಿಸ್ತಿದೆ. ಹತ್ತಿ ಮೇಲೆ ನಿಂತ ಹಾಗೆ."

"ನೆಪ," ಎಂದಳು ಸೆಲೆಖಾ.

ಮರುದಿನವೂ ಅದೇ ಮಾತು. ಮೂರನೆಯ ದಿನ ಮಗಳು ಹಳೆಯ ಹಾಗೆ ದಿಂಬಿಗೆ ಮೊಣಕೈ ಊರಿ ಮಲಗಿದ್ದನ್ನು ಕಂಡು ತಾಯಿಗೆ ದಿಕ್ಕೇ ತೋಚಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಡಾಕ್ಟರನ್ನು ಕೇಳುತ್ತಿದ್ದರು. ಈ ಹೆಂಗಸಿಗೆ ಗೊತ್ತಿದ್ದ ವಿದ್ಯೆ ಒಂದೇ. ಪೆಟ್ಟಿಗೆ ತೆಗೆದು ಕಡ್ಡಿಗಳನ್ನು ತಂದಳು.

ಮಹಜೂಬಾ ಅವನ್ನು ನೋಡಿದಳು, ತಾಯಿಯ ಮುಖ ನೋಡಿದಳು. ಆಮೇಲೆ ತಾನಾಗಿ ಕಾಲು ಚಾಚಿದಳು.

"ಒತ್ತಮ್ಮ, ಒತ್ತು. ನಿನಗೆ ಮರೆತು ಹೋಗಿದ್ಯೋ ಏನೋ ನೋಡೋಣ."

ಸೆಲೆಖಾ ಅದುಮಿದಳು. ಮಗಳು ಹುಬ್ಬು ಕೂಡ ಅಲುಗಿಸಲಿಲ್ಲ.

"ಒತ್ತಿದ್ಯಾ?"

ಮೂವತ್ತು ವರ್ಷದಲ್ಲಿ ಈ ಕಡ್ಡಿಗೆ ಕಿರುಚದೆ ಉಳಿದ ಹುಡುಗಿ ಒಬ್ಬಳಿರಲಿಲ್ಲ. ಎಂಥ ಹಟ ಇವಳದು! ಸೆಲೆಖಾ ಮಂಡಿಯೂರಿ, ಹಲ್ಲು ಕಚ್ಚಿ, ಎರಡೂ ಕೈಗಳ ಬಲವನ್ನೆಲ್ಲ ಹಾಕಿದಳು. ಕಡ್ಡಿಗಳ ನಡುವೆ ಏನೋ ಲಟಕ್ಕೆಂದಿತು. ಕಡ್ಡಿಯೇ ಇರಬೇಕೆಂದುಕೊಂಡಳು.

ಮಹಜೂಬಾಳಿಗೆ ನಗು ಬಂತು. "ಸಾಕು ಬಿಡಮ್ಮ, ನಿನ್ನ ಮುಖ ನೋಡೋಕಾಗಲ್ಲ. ಬೂಟು ತಾ, ಬರ್ತೀನಿ."

ಬೆವರಿನಿಂದ ಮಂಜಾದ ಕಣ್ಣಲ್ಲೇ ತಾಯಿ ಆ ಕಾಲಿಗೆ ಬೂಟು ತೊಡಿಸಿ ದಾರ ಬಿಗಿದಳು. ಮುರಿದ ಬೆರಳಿನ ಮೇಲೆ ಮಹಜೂಬಾ ವಿಮಾನದ ಪಟ್ಟಿಯನ್ನು ಹೋಗುತ್ತ ಬರುತ್ತ ಪೂರ್ತಿ ನಡೆದಳು, ಆಯಿಶೆತುವಿನ ಜೊತೆ ಕೀಟಲೆ ಮಾಡುತ್ತ. ಹಿಂದೆ ಬರುತ್ತಿದ್ದ ಸೆಲೆಖಾ ತನ್ನ ವಿದ್ಯೆ ಇನ್ನೂ ಕೈಬಿಟ್ಟಿಲ್ಲವೆಂದು ಹಿಗ್ಗಿದಳು. ಮನೆಗೆ ಬಂದು ಬೂಟು ಬಿಚ್ಚಿದಾಗ ಒಳಗೆಲ್ಲ ರಕ್ತ. ತೊಳೆದು, ಎಣ್ಣೆ ಹಚ್ಚಿ, ಬಟ್ಟೆ ಕಟ್ಟಿದಳು. ಡಾಕ್ಟರ ಹತ್ತಿರ ಹೋಗಲು ಧೈರ್ಯ ಬರಲಿಲ್ಲ. ಏನೆಂದು ಹೇಳುವುದು? ನೋವೇ ಇಲ್ಲವಲ್ಲ ಎಂದು ಮಗಳೂ ಸುಮ್ಮನಿದ್ದಳು. ಹತ್ತು ದಿನಕ್ಕೆ ಬೆರಳು ಕಪ್ಪಾಗಿ ಮನೆಯೆಲ್ಲ ನಾತ ಹಿಡಿಯಿತು.

"ಇದು ಹೇಗಾಯ್ತು?" ಎಂದರು ಡಾಕ್ಟರ್ ದೆಂಬಾ, ತಾಯಿಯ ಕಡೆ ತಿರುಗಿ.

ಸೆಲೆಖಾ ಗಾಯದಿಂದ ಬಿಚ್ಚಿದ ಬಟ್ಟೆಯನ್ನು ಮಡಿಸತೊಡಗಿದಳು.

"ಕಲ್ಲು ಎಡವಿದೆ," ಎಂದಳು ಮಹಜೂಬಾ.

ಮಂಡಿಯ ಕೆಳಗೆ ಕಾಲು ತೆಗೆದರು.

ಮನೆಗೆ ತಂದ ಮರುದಿನ ಬೆಳಿಗ್ಗೆ ಸೆಲೆಖಾ ಬಕೆಟ್ಟು ಎತ್ತಿಕೊಂಡು ಬಾಗಿಲು ದಾಟುವಷ್ಟರಲ್ಲಿ ಮಗಳು ಕೂಗಿದಳು.

"ಎಲ್ಲಿಗೆ?"

"ನೀರಿಗೆ. ಬಾವಿ ತನಕ."

"ಗಾಡಿಯವನು ತರ್ತಾನೆ. ಬಂದು ಕೂತ್ಕೋ."

"ಈಗ ಬಂದ್ಬಿಡ್ತೀನಿ ಮಗಳೇ."

"ಅಮ್ಮ." ಮಹಜೂಬಾಳ ದನಿ ಏರಲಿಲ್ಲ. "ನಾನು ಕಲ್ಲು ಅಂದೆ. ನೀನು ಇಲ್ಲಿ ಕೂತಿರೋ ತನಕ ಅದು ಕಲ್ಲೇ."

ಸೆಲೆಖಾ ಬಕೆಟ್ಟು ಕೆಳಗಿಟ್ಟಳು. ಹಾಸಿಗೆಯ ಪಕ್ಕದ ಚಾಪೆಯ ಮೇಲೆ ಕೂತಳು. ಮೂರು ಹೊತ್ತೂ ಅಲ್ಲೇ. ನಮಾಜಿಗೆ, ಅಡುಗೆಗೆ, ಬಚ್ಚಲಿಗೆ ಏಳಬಹುದು, ಹೊಸ್ತಿಲು ದಾಟುವ ಹಾಗಿಲ್ಲ. ವಾರಗಳು ಕಳೆದಂತೆ ಅವಳ ಕಾಲು ಊದಿತು, ನಿದ್ದೆ ಹೋಯಿತು, ಗುನುಗು ನಿಂತಿತು. ಮಹಜೂಬಾ ಎಲ್ಲವನ್ನೂ ನೋಡುತ್ತಿದ್ದಳು. ಬೈಯುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ.

ಒಂದು ಸಂಜೆ ಆಯಿಶೆತು ಬೂಟು ಕಟ್ಟಿಕೊಂಡು ಬಾಗಿಲಿಗೆ ಬಂದಳು.

"ಖಾಲಾ, ಹೀಗೆ ಕೂತ್ರೆ ನೀವೂ ಹೋಗ್ಬಿಡ್ತೀರಿ. ಒಂದು ಸುತ್ತು ಬನ್ನಿ. ಮಹಜೂಬಾ ಹತ್ರ ನಮ್ಮ ಹುಡುಗಿ ಕೂತಿರ್ತಾಳೆ."

ಸೆಲೆಖಾಳ ಎರಡೂ ಪಾದಗಳು ಚಾಪೆಯ ಮೇಲೆ ತಾವಾಗಿ ಚಪ್ಪಲಿ ಹುಡುಕಿದವು.

"ಅಮ್ಮಂಗೆ ಮೊದಲಿಂದಾನೂ ನಡೆಯೋದು ಅಂದ್ರೆ ಆಗಲ್ಲ," ಎಂದಳು ಮಹಜೂಬಾ. "ನಮ್ಮ ಬಡತನ, ಅದಕ್ಕೇ ನಡೀತಿದ್ಲು. ಅಲ್ವಾಮ್ಮ?"

ಆಯಿಶೆತು ಕಾಯುತ್ತ ನಿಂತಿದ್ದಳು. ಸೆಲೆಖಾ ಮಗಳ ಮುಖ ನೋಡಿದಳು, ಕಾಲುಗಳನ್ನು ಮಲಹಫಾದೊಳಗೆ ಎಳೆದುಕೊಂಡಳು.

"ಹೌದು ಕಣಮ್ಮ," ಎಂದಳು. "ನಂಗೆ ಯಾವತ್ತೂ ಇಷ್ಟ ಇರ್ಲಿಲ್ಲ."