ಗುರುಮಲ್ಲಪ್ಪ ಮೇಷ್ಟ್ರು ಹೆಂಡತಿಯನ್ನು ಪಾಸು ಮಾಡಿಸಿದ್ದು

ಮೂವತ್ತೊಂದು ವರ್ಷದ ನೌಕರಿಯಲ್ಲಿ ಒಂದೇ ಒಂದು ಮಗುವನ್ನೂ ಫೇಲು ಮಾಡದ ಮಹಾನುಭಾವರು ನಮ್ಮ ಗುರುಮಲ್ಲಪ್ಪ ಮೇಷ್ಟ್ರು. ಅದಕ್ಕೆ ನಾನೇ ಸಾಕ್ಷಿ. ತಿ. ನರಸೀಪುರದ ಶಾಲೆಯಲ್ಲಿ ನಾಲ್ಕನೇ ತರಗತಿಯಲ್ಲಿದ್ದಾಗ ನನಗೆ ಭಾಗಾಕಾರ ಸುತರಾಂ ಹತ್ತುತ್ತಿರಲಿಲ್ಲ. ಪರೀಕ್ಷೆಯ ದಿನ ಅವರು ನನ್ನ ಪಕ್ಕ ಬಂದು ನಿಂತು, ಕಿಟಕಿಯಾಚೆ ನೋಡುತ್ತಾ, ಉತ್ತರವನ್ನು ಕೆಮ್ಮಿ ತಿಳಿಸಿದರು. ಏಳು ಸಲ ಕೆಮ್ಮಿದರೆ ಏಳು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. ನಾನು ಪಾಸಾದೆ, ಭಾಗಾಕಾರ ಮಾತ್ರ ಇವತ್ತಿಗೂ ಬರುವುದಿಲ್ಲ.

ಈಗ ನಾನು, ಪವಿತ್ರಾ, ನಂಜನಗೂಡಿನ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ದೃಷ್ಟಿ ಪರೀಕ್ಷೆ ಮಾಡುವವಳು. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಒಳಪರದೆ ಊದಿಕೊಂಡವರಿಗೆ ಎಷ್ಟು ದಿನಕ್ಕೊಮ್ಮೆ ಚುಚ್ಚುಮದ್ದು ಕೊಟ್ಟರೆ ಸಾಕು ಅಂತ ನಮ್ಮಲ್ಲಿ ಒಂದು ಸಂಶೋಧನೆ ನಡೆಯುತ್ತಿತ್ತು. ತಿಂಗಳಿಗೊಮ್ಮೆ ಬಂದು ಗೋಡೆಯ ಮೇಲಿನ ಅಕ್ಷರಪಟ ಓದಬೇಕು. ಓದು ಕುಗ್ಗಿದ್ದರೆ ಚುಚ್ಚುಮದ್ದು, ಚೆನ್ನಾಗಿದ್ದರೆ ಬೇಡ. ಒಳಪರದೆಯ ಸ್ಕ್ಯಾನ್ ಮೂರು ತಿಂಗಳಿಗೊಮ್ಮೆ. ನಿವೃತ್ತರಾಗಿ ಹದಿನಾರು ಅನ್ನುವ ಹತ್ತಿರದ ಹಳ್ಳಿಯಲ್ಲಿದ್ದ ಮೇಷ್ಟ್ರು ತಮ್ಮ ಹೆಂಡತಿ ಮುದ್ದಮ್ಮನವರನ್ನು ಅದಕ್ಕೆ ಸೇರಿಸಿದರು. ಅವರ ಎಡಗಣ್ಣು ಆಗಲೇ ಹೋಗಿತ್ತು. ಉಳಿದದ್ದು ಬಲಗಣ್ಣು ಒಂದೇ.

ಮೊದಲ ದಿನ ಮುದ್ದಮ್ಮ ಎರಡು ಸಾಲು ಓದಿ ಮೂರನೆಯದರಲ್ಲಿ ನಿಂತುಬಿಟ್ಟರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮೇಷ್ಟ್ರ ಮುಖ ಕೆಂಪಾಯಿತು. ಮದುವೆಯಾದ ಮೇಲೆ ಆಕೆಗೆ ಅಕ್ಷರ ಕಲಿಸಿದವರೇ ಅವರು. ಜೇಬಿನಿಂದ ಡೈರಿ ತೆಗೆದು ಏನೋ ಬರೆದುಕೊಂಡರು. ಔಷಧಿಯ ಹೆಸರಿರಬೇಕು ಅಂದುಕೊಂಡೆ. ಅವತ್ತು ಚುಚ್ಚುಮದ್ದಾಯಿತು.

ಮುಂದಿನ ತಿಂಗಳು ಮುದ್ದಮ್ಮ ಐದು ಸಾಲು ಓದಿದರು. ಅದರ ಮುಂದಿನ ತಿಂಗಳು ಏಳು! ಉಸಿರು ಸಹ ತೆಗೆದುಕೊಳ್ಳದೆ ಒಂದೇ ರಾಗದಲ್ಲಿ ಒಪ್ಪಿಸಿದರು. ನಮ್ಮ ಡಾಕ್ಟರ್ ನಂಜೇಶ್‌ಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಂದೇ ಚುಚ್ಚುಮದ್ದಿಗೆ ಇಷ್ಟು ಗುಣವೇ ಅಂತ ಆಕೆಯ ಗ್ರಾಫನ್ನು ಕಂಡಕಂಡವರಿಗೆಲ್ಲ ತೋರಿಸಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ನಾವಿಬ್ಬರೂ. ಆ ಎರಡು ತಿಂಗಳೂ ಚುಚ್ಚುಮದ್ದು ಕೊಡಲಿಲ್ಲ.

ಮೂರನೇ ತಿಂಗಳು ನಾನೊಂದು ತಪ್ಪು ಮಾಡಿದೆ. ನಮ್ಮಲ್ಲಿ ಬಲಗಣ್ಣಿಗೆ ಒಂದು ಪಟ, ಎಡಗಣ್ಣಿಗೆ ಬೇರೊಂದು. ಹಿಂದಿನ ರೋಗಿಯ ಎಡಗಣ್ಣು ನೋಡಿದವಳು ಪಟ ಬದಲಿಸುವುದನ್ನು ಮರೆತೆ. ಮುದ್ದಮ್ಮ ಕೂತರು, ಎಂಟು ಸಾಲು ಒಪ್ಪಿಸಿದರು. ನಾನು ಕೈಲಿದ್ದ ಹಾಳೆ ನೋಡುತ್ತಾ ಸರಿ, ಸರಿ, ಸರಿ ಅಂತ ಗುರುತು ಹಾಕಿದೆ. ಒಂದು ಅಕ್ಷರವೂ ತಪ್ಪಿರಲಿಲ್ಲ. ತಲೆಯೆತ್ತಿ ನೋಡಿದರೆ ಗೋಡೆಯ ಮೇಲೆ ಎಡಗಣ್ಣಿನ ಪಟ, ಅವರು ಓದಿದ ಪಟ ಬೀರುವಿನೊಳಗಿದೆ!

"ಅಮ್ಮಾ, ನಿಜ ಹೇಳಿ. ಎದುರಿಗೆ ಏನು ಕಾಣ್ತದೆ?"

"ಗೋಡೆ ಕಾಣ್ತದೆ ಕಣವ್ವ. ಅದ್ರ ಮ್ಯಾಲೆ ಬೆಳ್ಳಗೆ ಏನೋ ಅದೆ."

ಆಮೇಲೆ ಎಲ್ಲ ಹೊರಬಿತ್ತು. ಮೇಷ್ಟ್ರು ಡೈರಿಯಲ್ಲಿ ಪಟವನ್ನೇ ಇಳಿಸಿಕೊಂಡು, ಮನೆಯಲ್ಲೂ ಬಸ್ಸಿನಲ್ಲೂ ಹೆಂಡತಿಗೆ ಮಗ್ಗಿಯ ಹಾಗೆ ಉರು ಹೊಡೆಸಿದ್ದರು. ಕಂಡಕ್ಟರಿಗೆ ಆರನೇ ಸಾಲಿನವರೆಗೆ ಬರುತ್ತಿತ್ತಂತೆ. ಹೂವು ಮಾರಲು ಬರುವ ಹೆಂಗಸರಿಗೆ ಪೂರ್ತಿ ಬರುತ್ತಿತ್ತಂತೆ. ಕೇಳಿ ನರ್ಸುಗಳು ಬಿದ್ದುಬಿದ್ದು ನಕ್ಕರು. ನನಗೂ ನಗು ಒತ್ತರಿಸಿಕೊಂಡು ಬಂತು. ಆದರೆ ಸ್ಕ್ಯಾನ್ ಬಂದಾಗ ಯಾರೂ ನಗಲಿಲ್ಲ. ಊತ ಎರಡರಷ್ಟಾಗಿತ್ತು. ಇನ್ನೊಂದು ತಿಂಗಳು ಹೀಗೇ ಬಿಟ್ಟಿದ್ದರೆ ಕಣ್ಣು ವಾಪಸು ಬರುತ್ತಿರಲಿಲ್ಲ ಅಂದರು ಡಾಕ್ಟರು.

ನನಗೆ ಕೋಪ ನೆತ್ತಿಗೇರಿತು. ಗುರುಗಳು ಅನ್ನುವುದನ್ನೂ ನೋಡಲಿಲ್ಲ.

"ಮೇಷ್ಟ್ರೇ, ನನ್ನ ಭಾಗಾಕಾರ ಕೆಡಿಸಿದ್ರಿ, ಹೋಗ್ಲಿ. ಈಗ ಅಮ್ಮನ ಇರೋ ಒಂದು ಕಣ್ಣನ್ನೂ ತೆಗೀತಿದ್ರಲ್ಲ ಸಾ."

ಅವರು ಬೆಂಚಿನ ಮೇಲೆ ಕುಸಿದು ಕೂತರು. "ಅವ್ಳು ಮೂರನೇ ಸಾಲಲ್ಲಿ ನಿಂತಿದ್ದು ನನ್ನ ಕೈಲಿ ನೋಡಕ್ಕಾಗ್ಲಿಲ್ಲ ಕಣಮ್ಮ" ಅಂದರು. ಕಣ್ಣಲ್ಲಿ ನೀರಿತ್ತು. ನನಗೆ ಅಯ್ಯೋ ಅನ್ನಿಸಿತು.

ಮುದ್ದಮ್ಮನವರ ಲೆಕ್ಕವನ್ನು ಸಂಶೋಧನೆಯಿಂದ ಕೈಬಿಟ್ಟರು, ಚಿಕಿತ್ಸೆಯನ್ನು ಬಿಡಲಿಲ್ಲ. ಅವತ್ತೇ ಚುಚ್ಚುಮದ್ದಾಯಿತು. ಬಸ್ಸಿನಲ್ಲಿ ಮೇಷ್ಟ್ರು ಹೊಸ ಪಾಠ ಶುರು ಮಾಡಿದರಂತೆ, ಕಾಣದಿದ್ದರೆ ಕಾಣುತ್ತಿಲ್ಲ ಅನ್ನಬೇಕು ಅಂತ. ಅದನ್ನೂ ಹತ್ತು ಸಲ ಹೇಳಿಸಿದರಂತೆ! ಮುಂದಿನ ತಿಂಗಳು ಮೇಷ್ಟ್ರನ್ನು ಪರದೆಯ ಆಚೆ ಕೂರಿಸಿದೆ. ಮೀಸೆ ಒಂದು ಕಡೆ ಮೊಂಡಾಗಿತ್ತು. ಅಡಿಕೋಲಿಟ್ಟು ಗೆರೆ ಎಳೆದಂಥ ಮೀಸೆ ಅದು, ನಮ್ಮ ಶಾಲೆಗೇ ಹೆಸರುವಾಸಿ. ಪಾಪ, ಚಿಂತೆಯಲ್ಲಿ ಕತ್ತರಿ ಜಾರಿರಬೇಕು ಅಂದುಕೊಂಡೆ.

ಮುದ್ದಮ್ಮ ಒಂದೇ ಸಾಲು ಓದಿ ನಿಂತರು. ಪರದೆಯ ಆಚೆಯಿಂದ ಕೆಮ್ಮು ಕೇಳಿಸಿತು. ಅಕ್ಷರವನ್ನು ಹೇಗೆ ತಾನೇ ಕೆಮ್ಮುವುದು? ಹಳೇ ಚಾಳಿ, ಅಷ್ಟೆ.

"ರೀ, ಕೆಮ್ಮಬ್ಯಾಡಿ. ಕಾಣ್ತಿಲ್ಲ ಅಂದ್ರೆ ಕಾಣ್ತಿಲ್ಲ" ಅಂದರು ಮುದ್ದಮ್ಮ, ಇಡೀ ಆಸ್ಪತ್ರೆಗೆ ಕೇಳುವಂತೆ. ಕಾಯುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು.

ಹೀಗೇ ತಿಂಗಳಿಗೊಂದರಂತೆ ಚುಚ್ಚುಮದ್ದು ನಡೆಯಿತು. ಗುಟ್ಟು ಹೊರಬಿದ್ದ ಆರನೇ ತಿಂಗಳಿಗೆ ಯಾರೂ ಕಂಡಿರದ ಹೊಸ ಪಟ ತೂಗುಹಾಕಿ, ಮೇಷ್ಟ್ರನ್ನು ಟೀ ಕುಡಿಯಲು ಆಚೆ ಕಳಿಸಿ, ಬಾಗಿಲು ಹಾಕಿಕೊಂಡೆ. ಮುದ್ದಮ್ಮ ತಡವರಿಸುತ್ತಾ, ತಪ್ಪುತ್ತಾ, ಐದು ಸಾಲು ಓದಿದರು. ನನಗೆ ಕುಣಿಯುವ ಹಾಗಾಯಿತು.

ಆಚೆ ಬಂದರೆ ಮೇಷ್ಟ್ರು ರಿಸಲ್ಟಿಗೆ ಕಾದ ಹುಡುಗನ ಹಾಗೆ ನಿಂತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮುದ್ದಮ್ಮ ಗಂಡನ ಮುಂದೆ ನಿಂತು, ಬಗ್ಗಿ ಮುಖ ನೋಡಿದರು.

"ರೀ, ಮೀಸೆ ಯಾಕ್ ಒಂದ್ ಕಡೆ ಮೊಂಡಾಗದೆ? ಎಷ್ಟ್ ದಿನದಿಂದ ಹಿಂಗೇ ತಿರುಗ್ತಿದ್ದೀರಿ?"

"ಆರು ತಿಂಗಳಿಂದ ಕಣೇ. ವಾರಕ್ಕೊಂದ್ಸಲ ಬೇಕೂಂತ್ಲೇ ಕತ್ತರಿಸ್ಕೋತಿದ್ದೆ" ಅಂದರು ಮೇಷ್ಟ್ರು. "ಈ ಒಂದು ಪ್ರಶ್ನೆ ಮಾತ್ರ ನಾನು ಯಾರ್ಗೂ ಹೇಳ್ಕೊಟ್ಟಿಲ್ಲ."

ಮುದ್ದಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ನಗುತ್ತಲೇ ಅತ್ತರು. ಆಮೇಲೆ ನನ್ನ ಕಡೆ ತಿರುಗಿ ಒಂದು ಕತ್ತರಿ ಕೊಡು ಅಂದರು. ನಾನು ಓಡಿಹೋಗಿ ತಂದುಕೊಟ್ಟೆ.